ದಾಳಿಗೆ ಹೋಗುವವನು ಒಬ್ಬ, ದಾಳಿ ಕಟ್ಟುವವರು ಏಳು ಜನ

ದೀಪಾವಳಿಯ ಹೋರಿ ಹಬ್ಬ ಮುಗಿದು, ಭತ್ತ, ಮೆಕ್ಕೆಜೋಳ ಮನೆ ಸೇರಿದವೆಂದರೆ ಶಿಕಾರಿಪುರ, ಸೊರಬ ಸೀಮೆಯ ಹುಡುಗರಿಗೆ ಕಬಡ್ಡಿಯ ಕಾಲ ಬಂತು. ಅಂಬ್ಲಿಗೊಳ ಜಲಾಶಯದ ಆಸುಪಾಸಿನ ಯಾವ ಹಳ್ಳಿಯಲ್ಲಾದರೂ ಹೊನಲು ಬೆಳಕಿನ ಪಂದ್ಯ ನಡೆದರೆ ಸುತ್ತಲಿನ ಜನ ರಾತ್ರಿಯಿಡೀ ನಿಂತು ನೋಡುತ್ತಾರೆ. ಗೆದ್ದರೆ ದಾಳಿಗಾರನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಸೋತರೆ ಬೈಗುಳವೂ ಅವನ ಪಾಲಿಗೇ. ಎರಡೂ ಅನ್ಯಾಯ. ಕಬಡ್ಡಿಯ ದಾಳಿಯ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ನಂಬಿಕೆಗಳೇ ಇದಕ್ಕೆ ಕಾರಣ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ದಾಳಿ ಒಬ್ಬನ ಕೆಲಸ, ಒಬ್ಬ ಒಳ್ಳೆಯ ರೈಡರ್ ಇದ್ದರೆ ಕಪ್ ನಮ್ಮದೇ

ಸತ್ಯ: ಮಧ್ಯರೇಖೆ ದಾಟುವವನು ಒಬ್ಬನೇ ನಿಜ. ಆದರೆ ಯಾರು ಹೋಗಬೇಕು, ಯಾವಾಗ ಹೋಗಬೇಕು, ಎದುರಾಳಿಯ ಯಾವ ಮೂಲೆಯನ್ನು ಕೆಣಕಬೇಕು, ಅಂಕ ತರಬೇಕೋ ಕಾಲ ಕಳೆದು ಬರಬೇಕೋ ಎಂಬುದೆಲ್ಲ ತಂಡದ ತೀರ್ಮಾನ. ಎಡಬದಿಯಿಂದ ನುಗ್ಗುವವನೊಬ್ಬ, ಬಲಬದಿಯಿಂದ ನುಗ್ಗುವವನೊಬ್ಬ ಇದ್ದರೆ ಎದುರಾಳಿಯ ಎರಡೂ ಮೂಲೆಯವರು ಆಟದುದ್ದಕ್ಕೂ ಎಚ್ಚರವಾಗಿರಬೇಕಾಗುತ್ತದೆ. ಒಬ್ಬನನ್ನೇ ಪದೇಪದೇ ಕಳಿಸಿದರೆ ಅವನ ಹೆಜ್ಜೆ, ತಿರುವು, ಹಿಮ್ಮೆಟ್ಟುವ ರೀತಿ ಎಲ್ಲವನ್ನೂ ಅವರು ಹತ್ತು ನಿಮಿಷದಲ್ಲಿ ಓದಿಬಿಡುತ್ತಾರೆ.

ಪ್ರೊ ಕಬಡ್ಡಿಯ 2019ರ ಏಳನೇ ಆವೃತ್ತಿಯನ್ನು ನೆನಪಿಸಿಕೊಳ್ಳಿ. ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ 346 ದಾಳಿ ಅಂಕ ಗಳಿಸಿ ಎಲ್ಲರಿಗಿಂತ ಮುಂದಿದ್ದರು. ಆದರೂ ಬುಲ್ಸ್ ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ 38–44ರಿಂದ ಸೋತಿತು. ಕಪ್ ಗೆದ್ದದ್ದು ಬೆಂಗಾಲ್ ವಾರಿಯರ್ಸ್. ಅವರ ನಾಯಕ ಹಾಗೂ ಮುಖ್ಯ ದಾಳಿಗಾರ ಮಣಿಂದರ್ ಸಿಂಗ್ ಗಾಯಗೊಂಡು ಫೈನಲ್ ಆಡಲೇ ಇಲ್ಲ. ಇರಾನಿನ ನಬಿಬಕ್ಷ್, ಕರ್ನಾಟಕದ ಸುಕೇಶ್ ಹೆಗ್ಡೆ ಮೊದಲಾದವರು ಹೊಣೆ ಹಂಚಿಕೊಂಡು 39–34ರಿಂದ ಡೆಲ್ಲಿಯನ್ನು ಮಣಿಸಿದರು. ಆ ತಂಡದ ಕೋಚ್ ಕರ್ನಾಟಕದವರೇ ಆದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್.

ಅದೇ ರಮೇಶ್ ಅವರ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಸೋಲಿಸಿ ಹತ್ತನೇ ಆವೃತ್ತಿಯನ್ನು ಗೆದ್ದಿತು. ಅಲ್ಲಿಯೂ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ದಾಳಿಯ ಭಾರವನ್ನು ಹಂಚಿಕೊಂಡಿದ್ದರು. ಆ ಆವೃತ್ತಿಯ ಶ್ರೇಷ್ಠ ದಾಳಿಗಾರನ ಗೌರವ ಬೇರೆ ತಂಡದವರಿಗೆ ಹೋಯಿತು. ಕಪ್ ಇವರಿಗೆ ಬಂತು.

ಹಾಗೆಂದು ತಾರಾ ದಾಳಿಗಾರ ಬೇಡವೆಂದಲ್ಲ. ಏಳನೆಯದಕ್ಕೂ ಹಿಂದಿನ ಆವೃತ್ತಿಯಲ್ಲಿ, 2019ರ ಜನವರಿ 5ರಂದು ಬುಲ್ಸ್ ತನ್ನ ಮೊದಲ ಕಪ್ ಗೆದ್ದ ಫೈನಲ್‌ನಲ್ಲಿ ತಂಡದ 38 ಅಂಕಗಳಲ್ಲಿ 22 ಪವನ್ ಅವರವೇ. ಅಂಥವನು ಸಿಕ್ಕರೆ ಅದೃಷ್ಟ. ಆದರೆ ಅವನೊಬ್ಬನನ್ನೇ ನೆಚ್ಚಿದ ತಂಡ ಅವನು ಔಟಾದ ಗಳಿಗೆಯಿಂದ ಕೈಕಟ್ಟಿ ಕೂರುತ್ತದೆ.

ತಪ್ಪು ಕಲ್ಪನೆ 2: ಬೋನಸ್ ಆದರೇನು, ಟಚ್ ಆದರೇನು, ಅಂಕ ಅಂಕವೇ

ಸತ್ಯ: ಸ್ಕೋರ್ ಪಟ್ಟಿಯಲ್ಲಿ ಎರಡೂ ಒಂದೇ, ಅಂಗಣದಲ್ಲಿ ಅಲ್ಲ. ಎದುರಾಳಿಯನ್ನು ಮುಟ್ಟಿ ಬಂದರೆ ಒಂದು ಅಂಕದ ಜೊತೆಗೆ ನಮ್ಮ ಕಡೆ ಔಟಾಗಿ ಹೊರಗೆ ಕುಳಿತ ಒಬ್ಬ ಒಳಗೆ ಬರುತ್ತಾನೆ, ಎದುರಾಳಿಯ ಕಡೆ ಒಬ್ಬ ಹೊರಗೆ ಹೋಗುತ್ತಾನೆ. ಬೋನಸ್ ಗೆರೆ ದಾಟಿ ಗಳಿಸುವ ಬೋನಸ್‌ನಿಂದ ಅಂಕ ಮಾತ್ರ ಬರುತ್ತದೆ, ಆಟಗಾರ ಬರುವುದಿಲ್ಲ. ಎದುರು ಆರು ಅಥವಾ ಏಳು ಮಂದಿ ಇದ್ದಾಗಷ್ಟೇ ಬೋನಸ್‌ಗೆ ಅವಕಾಶ.

ಹೊರಗೆ ಹೋದವರು ಮರಳುವುದು ಔಟಾದ ಕ್ರಮದಲ್ಲೇ. ಮುಖ್ಯ ದಾಳಿಗಾರ ಮೂರನೆಯವನಾಗಿ ಔಟಾಗಿದ್ದರೆ ಅವನು ಅಂಗಣಕ್ಕೆ ಬರಲು ಮುಟ್ಟಿಯೋ ಹಿಡಿದೋ ಗಳಿಸಿದ ಮೂರು ಅಂಕಗಳು ಬೇಕು. ಅಂಥ ಹೊತ್ತಿನಲ್ಲಿ ಉಳಿದವರು ಬೋನಸ್ ಗೆರೆಯ ಮೇಲೇ ಕಣ್ಣಿಟ್ಟರೆ ಅಂಕ ಏರುತ್ತದೆ, ತಂಡ ಮಾತ್ರ ಕುಂಟುತ್ತಲೇ ಇರುತ್ತದೆ. ಏಳೂ ಜನ ಒಳಗಿರುವಾಗ ಬೋನಸ್ ಬಂಗಾರ; ಮುಖ್ಯನೇ ಹೊರಗಿರುವಾಗ ಟಚ್ ಬೇಕು. ಈ ಲೆಕ್ಕ ದಾಳಿಗೆ ಹೋಗುವವನ ತಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಹಿಂದಿನಿಂದ ನಾಯಕ ಕೂಗಿ ಹೇಳಬೇಕು.

ತಪ್ಪು ಕಲ್ಪನೆ 3: ಬರಿಗೈಯಲ್ಲಿ ವಾಪಸಾದವನು ಹೆದರಿದವನು

ಸತ್ಯ: ಇಪ್ಪತ್ತು ನಿಮಿಷದ ಎರಡು ಅವಧಿ, ಒಂದು ದಾಳಿಗೆ ಹೆಚ್ಚೆಂದರೆ 30 ಸೆಕೆಂಡ್. ಪೂರ್ತಿ ಸಮಯ ಬಳಸಿದರೆ ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 80 ದಾಳಿ. ಕೊನೆಯ ಮೂರು ನಿಮಿಷದಲ್ಲಿ ನಾಲ್ಕು ಅಂಕ ಮುಂದಿರುವ ತಂಡಕ್ಕೆ ಅಂಕಕ್ಕಿಂತ ಗಡಿಯಾರ ಮುಖ್ಯ. ಮಧ್ಯರೇಖೆಯಿಂದ 3.75 ಮೀಟರ್ ದೂರದ ಬಾಕ್ ಲೈನ್ ದಾಟಿ, ಉಸಿರು ಹಿಡಿದು, ಹಿಡಿತಕ್ಕೆ ಸಿಗದೆ ಮರಳುವುದು ಆಗ ಶುದ್ಧ ಜಾಣತನ. ಆ ಗೆರೆಯನ್ನು ದಾಟದೆ, ಯಾರನ್ನೂ ಮುಟ್ಟದೆ ಮರಳಿದವನು ಮಾತ್ರ ಔಟ್.

ಇದಕ್ಕೆ ಮಿತಿಯೂ ಇದೆ. ಪ್ರೊ ಕಬಡ್ಡಿಯಲ್ಲಿ ಒಂದು ತಂಡದ ಎರಡು ದಾಳಿ ಸತತವಾಗಿ ಖಾಲಿಯಾದರೆ ಮೂರನೆಯದು ‘ಡು ಆರ್ ಡೈ’. ಅಂಕ ತರದಿದ್ದರೆ ದಾಳಿಗಾರನೇ ಔಟ್. ಇಲ್ಲಿಯೂ ತಂಡದ ಯೋಜನೆ ಕಾಣುತ್ತದೆ: ಎಷ್ಟೋ ತಂಡಗಳು ಆ ಮೂರನೇ ದಾಳಿಗೆ ಮುಖ್ಯ ದಾಳಿಗಾರನನ್ನು ಕಳಿಸದೆ, ಅದಕ್ಕೆಂದೇ ಪಳಗಿಸಿದ ಇನ್ನೊಬ್ಬನನ್ನು ಕಳಿಸುತ್ತವೆ. ಅವನು ಸಿಕ್ಕಿಬಿದ್ದರೂ ಮುಖ್ಯನು ಒಳಗೇ ಉಳಿಯುತ್ತಾನೆ. ಹಳ್ಳಿಯ ಪಂದ್ಯಾವಳಿಗೆ ಹೋಗುವ ತಂಡಗಳು ಈ ನಿಯಮ ಇದೆಯೋ ಇಲ್ಲವೋ ಎಂಬುದನ್ನು ಆಟ ಶುರುವಾಗುವ ಮೊದಲೇ ಅಂಪೈರ್ ಹತ್ತಿರ ಕೇಳಿ ತಿಳಿಯಬೇಕು.

ತಪ್ಪು ಕಲ್ಪನೆ 4: ಎದುರು ಇಬ್ಬರೇ ಉಳಿದಿದ್ದಾರೆ, ಇನ್ನು ನುಗ್ಗಿ ಮುಗಿಸುವುದೇ

ಸತ್ಯ: ದಾಳಿಗಾರ ಅತಿ ಹೆಚ್ಚು ಎಚ್ಚರದಲ್ಲಿರಬೇಕಾದ ಗಳಿಗೆ ಇದು. ಎದುರು ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಹಿಡಿದರೆ ಅದು ಸೂಪರ್ ಟ್ಯಾಕಲ್, ಅವರಿಗೆ ಎರಡು ಅಂಕ. ನಾವು 20–18ರಲ್ಲಿ ಮುಂದಿದ್ದೇವೆ ಎನ್ನಿ. ಆತುರದಿಂದ ನುಗ್ಗಿ ಸಿಕ್ಕಿಬಿದ್ದರೆ 20–20. ನಮ್ಮ ದಾಳಿಗಾರ ಹೊರಗೆ, ಅವರ ಒಬ್ಬ ಮತ್ತೆ ಒಳಗೆ.

ಜಾಣ ತಂಡ ಇಲ್ಲಿ ತಾಳುತ್ತದೆ. ಇಬ್ಬರೇ ಉಳಿದ ತಂಡವೂ ತನ್ನ ಸರದಿ ಬಂದಾಗ ಒಬ್ಬನನ್ನು ದಾಳಿಗೆ ಕಳಿಸಲೇಬೇಕು. ನಮ್ಮ ಏಳು ಜನ ಕೈ ಕೈ ಹಿಡಿದು ಕಾಯುತ್ತಿರುವಾಗ ಅವನು ಬರುತ್ತಾನೆ. ಅವನನ್ನು ಹಿಡಿದರೆ ಉಳಿದವನು ಒಬ್ಬ. ಅವನೂ ಔಟಾದರೆ ಇಡೀ ತಂಡ ಔಟ್, ಅದೇ ಲೋನಾ; ಅದರಿಂದ ಹೆಚ್ಚುವರಿ ಎರಡು ಅಂಕ. ಲೋನಾವನ್ನು ಹಿಡಿತದಲ್ಲಿ ಮುಗಿಸುವುದೂ ದಾಳಿಯ ಯೋಜನೆಯ ಭಾಗವೇ.

ತಪ್ಪು ಕಲ್ಪನೆ 5: ಹಿಡಿಯುವವರದು ಬೇರೆ ಕೆಲಸ, ದಾಳಿಗೂ ಅವರಿಗೂ ಸಂಬಂಧವಿಲ್ಲ

ಸತ್ಯ: ಎದುರಾಳಿಯನ್ನು ಹಿಡಿದಾಗಲೂ ನಮ್ಮ ಒಬ್ಬ ಆಟಗಾರ ಒಳಗೆ ಬರುತ್ತಾನೆ. ಔಟಾದ ಮುಖ್ಯ ದಾಳಿಗಾರನನ್ನು ಎಷ್ಟೋ ಸಲ ಅಂಗಣಕ್ಕೆ ತರುವವರು ಮೂಲೆಯಲ್ಲಿ ನಿಂತು ಕಾಲು ಹಿಡಿಯುವವರು, ಕವರ್‌ನಲ್ಲಿ ನಿಂತು ಡ್ಯಾಶ್ ಹೊಡೆಯುವವರು. ಕಣಕಾಲು ಹಿಡಿದು ಮಣ್ಣು ಕಚ್ಚಿದವನ ಹೆಸರು ಮೈಕಿನಲ್ಲಿ ಕೇಳುವುದು ಕಡಿಮೆ. ಆದರೆ ಮುಂದಿನ ದಾಳಿ ಸಾಧ್ಯವಾದದ್ದು ಅವನಿಂದ. ಅಷ್ಟೇ ಅಲ್ಲ, ಎದುರಾಳಿಯ ಹಿಡಿತದ ಬಿರುಕು ಎಲ್ಲಿದೆ ಎಂಬುದನ್ನು ಮೊದಲು ಗುರುತಿಸುವವರೂ ಹಿಡಿತ ಬಲ್ಲ ಇವರೇ. ಯಾರ ಕಾಲು ತಡವಾಗುತ್ತಿದೆ, ಯಾರು ಕೈ ಬಿಟ್ಟು ಮುಂದೆ ಬರುತ್ತಿದ್ದಾರೆ ಎಂದು ಅವರು ದಾಳಿಗಾರನಿಗೆ ಹೇಳಬೇಕು, ಅವನು ಕೇಳಬೇಕು.

ತಪ್ಪು ಕಲ್ಪನೆ 6: ಯೋಜನೆ, ತಂತ್ರ ಎಲ್ಲ ವಿದೇಶಿ ಆಟಗಳಿಗೆ; ಕಬಡ್ಡಿಗೆ ಉಸಿರು ಮತ್ತು ತೋಳ್ಬಲ ಸಾಕು

ಸತ್ಯ: ವಿದೇಶಿ ಆಟವೊಂದರ ಪಕ್ಕದಲ್ಲೇ ಕಬಡ್ಡಿಯನ್ನಿಟ್ಟು ನೋಡೋಣ. ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದ ಲ್ಯಾಕ್ರೋಸ್ ಎಂಬ ಆಟವಿದೆ. ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆದು ಗೋಲು ಹೊಡೆಯುವುದು. 1908ರ ನಂತರ ಪದಕದ ಆಟವಾಗಿ ಅದು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮರಳುತ್ತಿದೆ, ತಂಡಕ್ಕೆ ಆರು ಜನರಿರುವ ‘ಸಿಕ್ಸಸ್’ ರೂಪದಲ್ಲಿ. ಅಲ್ಲಿಯೂ ಚೆಂಡು ಸಿಕ್ಕ ತಂಡಕ್ಕೆ ಗೋಲಿಗೆ ಹೊಡೆಯಲು ಇರುವುದು 30 ಸೆಕೆಂಡ್. ಎದುರಾಳಿಗಳು ತಮ್ಮ ತಮ್ಮ ಜಾಗ ಹಿಡಿದು ಭದ್ರವಾಗಿ ನಿಂತಾಗ ಚೆಂಡು ಹಿಡಿದವನೊಬ್ಬನೇ ನುಗ್ಗಿದರೆ ಫಲವಿಲ್ಲ. ಚೆಂಡಿಲ್ಲದವರು ಓಡಾಡಿ ಕಾವಲುಗಾರರನ್ನು ಕದಲಿಸುತ್ತಾರೆ. ಒಬ್ಬನನ್ನು ತಡೆಯಲು ಇಬ್ಬರು ಬಂದ ಕೂಡಲೇ ಖಾಲಿ ಬಿದ್ದ ಜಾಗಕ್ಕೆ ಚೆಂಡು ಹೋಗುತ್ತದೆ.

ಕಬಡ್ಡಿಯ ದಾಳಿಗಾರ ಎದುರಿಸುವುದು ಪ್ರತಿ ಸಲವೂ ಹೀಗೆ ಭದ್ರವಾಗಿ ನಿಂತ ಕೋಟೆಯನ್ನೇ. ಚೆಂಡು ದಾಟಿಸಲು ಅವನಿಗೆ ಜೊತೆಗಾರನಿಲ್ಲ. ಆದ್ದರಿಂದ ಕೋಟೆಯನ್ನು ಕದಲಿಸುವ ಕೆಲಸ ಅವನಿಗಿಂತ ಮುಂಚೆ ಹೋಗಿಬಂದವರಿಂದ ನಡೆಯಬೇಕು. ಮೊದಲ ದಾಳಿಗಾರ ಎಡಮೂಲೆಯನ್ನು ಪದೇಪದೇ ಕೆಣಕಿದರೆ ಕವರ್‌ನವನು ನೆರವಿಗೆ ಆ ಕಡೆ ವಾಲುತ್ತಾನೆ. ಮುಂದಿನ ಸರದಿಯವನು ತೆರೆದುಕೊಂಡ ಬಲಬದಿಗೆ ಕಾಲು ಚಾಚುತ್ತಾನೆ. ಅಂಕ ಎರಡನೆಯವನ ಲೆಕ್ಕಕ್ಕೆ ಬೀಳುತ್ತದೆ, ದಾರಿ ಮಾಡಿದವನು ಮೊದಲನೆಯವನು. ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದ ಭಾರತದ ಮಹಿಳಾ ತಂಡ 2010 ಮತ್ತು 2014ರ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದದ್ದೂ ಬರೀ ತೋಳ್ಬಲದಿಂದಲ್ಲ.

ನಮ್ಮ ಹಳ್ಳಿಗಳಲ್ಲಿ ಉಸಿರಿಗೂ ಬಲಕ್ಕೂ ಬರವಿಲ್ಲ. ಗದ್ದೆಯಲ್ಲಿ ದುಡಿದು ಸಂಜೆ ಅಂಗಣಕ್ಕಿಳಿಯುವ ಹುಡುಗರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದದ್ದು ಕೂಡಿ ಯೋಚಿಸುವುದನ್ನು. ತಂಡದ ನಾಯಕರೇ, ತಾಲೀಮಿನ ಕೊನೆಗೆ ಸ್ವಲ್ಪ ಹೊತ್ತು ಏಳೂ ಜನರನ್ನು ಕೂರಿಸಿ ಮಾತಾಡಿ. ಇಬ್ಬರಾದರೂ ಹೆಚ್ಚುವರಿ ದಾಳಿಗಾರರನ್ನು ಪಳಗಿಸಿ. ಪಂದ್ಯ ನಡೆಸುವ ಸಂಘದವರೇ, ಉತ್ತಮ ದಾಳಿಗಾರನಿಗೆ ಕೊಡುವಷ್ಟೇ ಬಹುಮಾನವನ್ನು ಉತ್ತಮ ಹಿಡಿತಗಾರನಿಗೂ ಕೊಡಿ. ನೋಡುವ ನಾವು ಸೋಲಿನ ಹೊಣೆಯನ್ನು ಒಬ್ಬ ಹುಡುಗನ ತಲೆಗೆ ಕಟ್ಟುವುದನ್ನು ಬಿಡೋಣ. ಕಬಡ್ಡಿ ಏಳು ಜನರ ಆಟ. ಗೆಲುವೂ ಏಳು ಜನರದು, ಸೋಲೂ ಏಳು ಜನರದು.