ಪಟ್ಟ ತಪ್ಪಿದವರು

ಸಿಇಒ ಹುದ್ದೆಗೆ ಕಂಪನಿಯ ಒಳಗಿನಿಂದಲೇ ಮೂರು ನಾಲ್ಕು ಮಂದಿ ಪೈಪೋಟಿಗೆ ನಿಂತಾಗ ಆಯ್ಕೆಯಾಗುವುದು ಒಬ್ಬರು. ಉಳಿದವರು ದೊಡ್ಡ ವಿಭಾಗಗಳನ್ನು ನಡೆಸಿದವರು, ಗ್ರಾಹಕರ ನಂಬಿಕೆ ಗಳಿಸಿದವರು. ಹೊಸ ಮುಖ್ಯಸ್ಥರಿಗೆ ಮೊದಲ ವರ್ಷ ಆಸರೆಯಾಗಬೇಕಾದವರೂ ಅವರೇ. ಆದರೆ ಅಂತಿಮ ಸುತ್ತಿಗೆ ಬಂದಿದ್ದರೆಂಬ ಸುದ್ದಿಯೇ ಹೊರಗೆ ಅವರ ಬೆಲೆ ಏರಿಸಿರುತ್ತದೆ.

ಇದರ ಎರಡು ಮುಖಗಳನ್ನೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲೇ ಕಾಣಬಹುದು. 1980ರ ಕೊನೆಯಲ್ಲಿ ರೆಜಿನಾಲ್ಡ್ ಜೋನ್ಸ್ ತಮ್ಮ ಉತ್ತರಾಧಿಕಾರಿಯಾಗಿ ಜ್ಯಾಕ್ ವೆಲ್ಚ್ ಅವರನ್ನು ಆರಿಸಿದರು. ಅದಕ್ಕೆ ಮೊದಲು ಅವರು ಅಭ್ಯರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು, ತಾವಿಬ್ಬರೂ ಇರುವ ವಿಮಾನ ಬಿದ್ದು ಇಬ್ಬರೂ ಸತ್ತರೆ ಕಂಪನಿಯನ್ನು ಯಾರು ನಡೆಸಬೇಕು ಎಂದು ಕೇಳಿದ್ದರು. ಯಾರು ಯಾರ ಕೈಕೆಳಗೆ ಮನಸ್ಸಿಟ್ಟು ದುಡಿಯಬಲ್ಲರು ಎಂಬುದೂ ಆ ಉತ್ತರಗಳಲ್ಲಿ ಹೊರಬಿತ್ತು. ಸ್ಪರ್ಧೆಯಲ್ಲಿದ್ದ ಜಾನ್ ಬರ್ಲಿಂಗೇಮ್, ಎಡ್ವರ್ಡ್ ಹುಡ್ ಉಪಾಧ್ಯಕ್ಷರಾಗಿಯೇ ಮುಂದುವರಿದರು.

ಇಪ್ಪತ್ತು ವರ್ಷಗಳ ನಂತರ ವೆಲ್ಚ್ ತದ್ವಿರುದ್ಧ ದಾರಿ ಹಿಡಿದರು. ಸೋತವರು ಹೊರಡಬೇಕೆಂದು ಮೊದಲೇ ತಿಳಿಸಿ, ಮೂವರು ಸ್ಪರ್ಧಿಗಳ ವಿಭಾಗಗಳಿಗೂ ಮುಂದಿನ ಮುಖ್ಯಸ್ಥರನ್ನು ಗೊತ್ತುಮಾಡಿಟ್ಟರು. 2000ದ ನವೆಂಬರ್‌ನಲ್ಲಿ ಜೆಫ್ರಿ ಇಮೆಲ್ಟ್ ಹೆಸರು ಪ್ರಕಟವಾಯಿತು. ಎರಡು ವಾರ ಕಳೆಯುವುದರೊಳಗೆ ಜೇಮ್ಸ್ ಮೆಕ್‌ನರ್ನಿ 3ಎಂ ಕಂಪನಿಗೂ ರಾಬರ್ಟ್ ನಾರ್ಡೆಲ್ಲಿ ಹೋಮ್ ಡಿಪೋಗೂ ಮುಖ್ಯಸ್ಥರಾಗಿ ನೇಮಕಗೊಂಡಿದ್ದರು. ಇದು ನಿಷ್ಠುರ ಕ್ರಮ, ಆದರೆ ಸ್ಪಷ್ಟ. ಪ್ರತಿ ವಿಭಾಗಕ್ಕೂ ಎರಡನೇ ಸಾಲಿನ ನಾಯಕರು ಸಿದ್ಧರಿದ್ದ ಕಂಪನಿಗಷ್ಟೇ ಇದು ಸಾಧ್ಯ.

ಸೋತವರನ್ನು ಉಳಿಸಿಕೊಳ್ಳಲು ಕಂಪನಿಗಳು ಮೊದಲು ಬಳಸುವುದು ಹಣ: ಮೂರು ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುವ ಷೇರು, ನಿಗದಿತ ಅವಧಿ ನಿಂತವರಿಗೆ ಬೋನಸ್. ಇದರಿಂದ ಕಾಲಾವಕಾಶ ಸಿಗುತ್ತದೆ, ಮನಸ್ಸು ಸಿಗುವುದಿಲ್ಲ. ಕೈತಪ್ಪುವ ಷೇರಿನ ನಷ್ಟವನ್ನು ಸೆಳೆದುಕೊಳ್ಳುವ ಕಂಪನಿಯೇ ತುಂಬಿಕೊಡುವುದುಂಟು. ಕಾನೂನಿನ ಕಟ್ಟು ಇನ್ನೂ ಸಡಿಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿಯನ್ನು ಸೇರಬಾರದೆಂಬ ಷರತ್ತು ಸಾಮಾನ್ಯವಾಗಿ ಊರ್ಜಿತವಾಗದು.

ಹೆಚ್ಚು ಕಾಲ ಹಿಡಿದಿಡುವುದು ನಿಜವಾದ ಅಧಿಕಾರವುಳ್ಳ ಹೊಣೆ. ಬೆಂಗಳೂರಿನ ಇನ್ಫೋಸಿಸ್ 2014ರ ಜನವರಿಯಲ್ಲಿ ಬಿ.ಜಿ. ಶ್ರೀನಿವಾಸ್ ಮತ್ತು ಯು.ಬಿ. ಪ್ರವೀಣ್ ರಾವ್ ಅವರನ್ನು ಪ್ರೆಸಿಡೆಂಟ್ ಹುದ್ದೆಗೇರಿಸಿತು. ಮೇ ತಿಂಗಳಲ್ಲಿ ಶ್ರೀನಿವಾಸ್ ರಾಜೀನಾಮೆ ನೀಡಿದರು. ಜೂನ್‌ನಲ್ಲಿ ಸಿಇಒ ಹುದ್ದೆಗೆ ಹೊರಗಿನಿಂದ ವಿಶಾಲ್ ಸಿಕ್ಕಾ ಹೆಸರು ಬಂತು. 1986ರಲ್ಲೇ ಕಂಪನಿ ಸೇರಿದ್ದ ರಾವ್‌ಗೆ ಮುಖ್ಯ ಕಾರ್ಯಾಚರಣಾಧಿಕಾರಿ (ಸಿಒಒ) ಹುದ್ದೆ ದೊರೆಯಿತು. ಅವರನ್ನು ಉಳಿಸಿಕೊಂಡದ್ದರ ಬೆಲೆ ತಿಳಿದದ್ದು 2017ರ ಆಗಸ್ಟ್‌ನಲ್ಲಿ. ಸಿಕ್ಕಾ ದಿಢೀರನೆ ರಾಜೀನಾಮೆ ಕೊಟ್ಟಾಗ ಹಂಗಾಮಿ ಸಿಇಒ ಆಗಿ ರಾವ್ ಕೈಗೆ ಚುಕ್ಕಾಣಿ ಬಂತು. 2018ರ ಜನವರಿಯಲ್ಲಿ ಮತ್ತೆ ಹೊರಗಿನವರಾದ ಸಲೀಲ್ ಪಾರೇಖ್ ಅಧಿಕಾರ ವಹಿಸಿಕೊಂಡ ಮೇಲೂ ರಾವ್ ಸಿಒಒ ಆಗಿ ಉಳಿದು, 2021ರ ಡಿಸೆಂಬರ್‌ನಲ್ಲಿ ನಿವೃತ್ತರಾದರು.

ಎಲ್ಲರಿಗೂ ಎರಡನೇ ಸ್ಥಾನ ಒಪ್ಪಿಗೆಯಾಗದು. ಪ್ರಥಮ ಸ್ಥಾನವೊಂದೇ ಬೇಕೆನ್ನುವವರಿಗೆ ದೊಡ್ಡ ಬಿರುದು ಕೊಟ್ಟು ಕೂರಿಸಿದರೆ ಹೊಸ ಸಿಇಒಗೆ ಪಕ್ಕದಲ್ಲೇ ಇನ್ನೊಂದು ದರ್ಬಾರು ಹುಟ್ಟಬಹುದು. ಅಂಥವರೊಂದಿಗೆ ನಿರ್ಗಮನದ ದಿನಾಂಕವನ್ನು ಒಪ್ಪಿಕೊಂಡು, ಅಷ್ಟರೊಳಗೆ ಗ್ರಾಹಕರನ್ನೂ ತಂಡವನ್ನೂ ಮುಂದಿನವರಿಗೆ ಪರಿಚಯಿಸಿಕೊಡುವ ಏರ್ಪಾಡು ಮಾಡುವುದೇ ಸರಿ. ಉಳಿಯುವವರಿರಲಿ, ಹೊರಡುವವರಿರಲಿ, ಆಯ್ಕೆಯ ಸುದ್ದಿ ಪತ್ರಿಕೆಗೆ ಹೋಗುವ ಮೊದಲೇ ಅಧ್ಯಕ್ಷರ ಬಾಯಿಂದ ಅವರಿಗೆ ತಿಳಿಯಬೇಕು.