ಹಿಂದೆ ಎಂಜಿನ್, ಮುಂದೆ ಘಾಟಿ

ನಮ್ಮ ಮೋಟರ್‌ಹೋಮ್ 1997ರ ಮಾಡೆಲ್. ಇಲ್ಲಿ ಡೆನ್ವರ್‌ನಲ್ಲಿ ಆಫೀಸಿನ ಹುಡುಗರು ಮೊದಲು ಕೇಳೋದೇ, ‘ಇಷ್ಟು ಹಳೇದು ಯಾಕೆ ತಗೊಂಡ್ರಿ?’ ಅಂತ. ಒಂದು ಉತ್ತರ ಎಲ್ಲರಿಗೂ ಗೊತ್ತಿರೋದೇ. ಹೊಸ ಡೀಸೆಲ್ ಗಾಡಿ ತಗೋಬೇಕು ಅಂದರೆ ಇನ್ನೊಂದು ಮನೆ ಸಾಲ ಬೇಕು. ಇನ್ನೊಂದು ಉತ್ತರ ಹಾಸಿಗೆಯ ಕೆಳಗಿದೆ.

ಈ ಗಾಡಿಗಳಲ್ಲಿ ಎಂಜಿನ್ ಹಿಂಭಾಗದಲ್ಲಿರುತ್ತೆ. ಮಲಗುವ ಮಂಚ ಎತ್ತಿ, ಮುಚ್ಚಳ ತೆಗೆದರೆ ಕಾಣೋದು ಕಮ್ಮಿನ್ಸ್ 5.9 ಲೀಟರ್, ಆರು ಸಿಲಿಂಡರ್, 12 ವಾಲ್ವ್. ಇದರಲ್ಲಿ ಕಂಪ್ಯೂಟರ್ ಇಲ್ಲ. ಡೀಸೆಲ್ ಎಷ್ಟು, ಯಾವಾಗ ಹೋಗಬೇಕು ಅಂತ ತೀರ್ಮಾನ ಮಾಡೋದು ಪೂರ್ತಿ ಮೆಕ್ಯಾನಿಕಲ್ ಪಂಪು. ಒಮ್ಮೆ ಸ್ಟಾರ್ಟ್ ಆದರೆ ಇಂಧನದ ದಾರಿ ತೆರೆದಿಡೋ ಒಂದು ಸೊಲೆನಾಯ್ಡ್ ಬಿಟ್ಟರೆ ಎಂಜಿನ್‌ಗೆ ಕರೆಂಟಿನ ಹಂಗೇ ಇಲ್ಲ.

ಅಪ್ಪ ದಾವಣಗೆರೆಯಲ್ಲಿ ಲಾರಿ ಓಡಿಸಿದವರು. ಆರು ತಿಂಗಳಿಗೆ ಅಂತ ಬಂದವರು ಮುಚ್ಚಳ ತೆಗೆದ ಕೂಡಲೇ, ‘ಇದು ನಮ್ಮ ಟಾಟಾ ಕಮ್ಮಿನ್ಸ್ ಅಲ್ವೇನೋ!’ ಅಂದರು. ಸರಿಯಾಗೇ ಹೇಳಿದ್ರು. ಜಮ್ಶೆಡ್‌ಪುರದ ಕಾರ್ಖಾನೆಯಲ್ಲಿ ತಯಾರಾಗಿ ಟಾಟಾ ಲಾರಿಗಳಿಗೆ ಕೂತಿದ್ದು ಇದೇ ವಂಶದ 5.9 ಲೀಟರ್ ಎಂಜಿನ್. ಅಮೆರಿಕದಲ್ಲಿ ರಜೆಯ ಗಾಡಿ ಎಳೆಯೋದು, ನಮ್ಮ ಕಡೆ ಮೆಕ್ಕೆಜೋಳದ ಲೋಡು ಎಳೀತಿತ್ತು, ಅಷ್ಟೇ ವ್ಯತ್ಯಾಸ.

ಆ ಬೇಸಿಗೆಯಲ್ಲೇ ತಲೆನೋವು ಶುರುವಾಯ್ತು. ಡೆನ್ವರ್ ಇರೋದು 5,280 ಅಡಿಯಲ್ಲಿ. ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ನೂರು ಕಿಲೋಮೀಟರಿನೊಳಗೇ ಐಸೆನ್‌ಹೋವರ್ ಸುರಂಗ, 11,000 ಅಡಿಗೂ ಮೇಲೆ. ಸುರಂಗ ಇನ್ನೂ ದೂರ ಇರುವಾಗಲೇ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಬರೋದು. ಪಕ್ಕಕ್ಕೆ ನಿಲ್ಲಿಸಿ, ಮಕ್ಕಳಿಗೆ ಚಕ್ಕುಲಿ ಕೊಟ್ಟು, ಆರೋವರೆಗೆ ಕಾಯೋದು. ಒಂದು ವರ್ಕ್‌ಶಾಪಿಗೆ ಒಯ್ದೆ. ಹತ್ತು ನಿಮಿಷ ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು ಅಂತ 14 ಸಾವಿರ ಡಾಲರ್ ಎಸ್ಟಿಮೇಟ್ ಕೈಗಿಟ್ಟರು. ಗಾಡಿ ತಗೊಂಡಿದ್ದೇ 22 ಸಾವಿರಕ್ಕೆ! ‘ರೀ, ಬಂದಷ್ಟಕ್ಕೆ ಮಾರಿಬಿಡಿ, ಈ ಸಹವಾಸ ಸಾಕು’ ಅಂದಳು ಹೆಂಡತಿ. ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಅಪ್ಪ ಕೇಳಿದ್ದು ಮೂರೇ ಪ್ರಶ್ನೆ. ರೇಡಿಯೇಟರ್ ನೀರು ಕಮ್ಮಿ ಆಗ್ತಿದೆಯಾ? ಬಿಳಿ ಹೊಗೆ ಬರ್ತಿದೆಯಾ? ಎಂಜಿನ್ ಆಯಿಲ್ ಹಾಲು ಬೆರೆಸಿದ ಹಾಗೆ ಆಗಿದೆಯಾ? ಮೂರಕ್ಕೂ ಇಲ್ಲ. ಸಮತಟ್ಟು ರಸ್ತೆಯಲ್ಲಿ ಮುಳ್ಳು ಅಲ್ಲಾಡೋದೂ ಇಲ್ಲ. ‘ಹಂಗಾದ್ರೆ ಗ್ಯಾಸ್ಕೆಟ್ ಅಲ್ಲ ಕಣೋ. ಗಾಳಿ ಎಲ್ಲಿ ಕಟ್ಟಿದೆ ನೋಡು.’

ಮಂಚ ಎತ್ತಿ ಎಂಜಿನ್ ಕಡೆಯಿಂದ ಟಾರ್ಚ್ ಬಿಟ್ಟೆವು. ಹೊರಗಿನಿಂದ ಕ್ಲೀನಾಗಿ ಕಾಣ್ತಿದ್ದ ರೇಡಿಯೇಟರ್‌ನ ಒಳಮುಖ ಕರೀ ಕಂಬಳಿ ಹೊದ್ದ ಹಾಗಿತ್ತು. ಕಾರಣ ಸರಳ. ಎಂಜಿನ್ನಿನ ಬ್ರೀದರ್ ಪೈಪಿನಿಂದ ಸದಾ ಒಂದಿಷ್ಟು ಎಣ್ಣೆ ಹಬೆ ಹೊರಬರುತ್ತೆ. ರೇಡಿಯೇಟರ್ ಹಿಂದೆ ಇರೋ ಗಾಡಿಯಲ್ಲಿ ಫ್ಯಾನ್ ಆ ಹಬೆಯನ್ನೂ ರಸ್ತೆಯ ಧೂಳನ್ನೂ ಸೇರಿಸಿ ಅದರ ಮೇಲೆಯೇ ಬಡಿಯುತ್ತೆ. 25 ವರ್ಷದ್ದು ಹಾಗೇ ಕೂತಿತ್ತು. ಮೇಲಕ್ಕೆ ಹೋದ ಹಾಗೆ ಗಾಳಿ ಬೇರೆ ತೆಳು, ಇನ್ನು ಎಂಜಿನ್ ತಣ್ಣಗಾಗೋದಾದರೂ ಹೇಗೆ?

ಜಿಡ್ಡು ಬಿಡಿಸೋ ದ್ರಾವಣ ಸಿಂಪಡಿಸಿ, ನೆನೆಯಲು ಬಿಟ್ಟು, ತೋಟಕ್ಕೆ ನೀರು ಬಿಡೋ ಪೈಪಿನಲ್ಲಿ ತೊಳೆದೆವು. ಜೋರು ಪ್ರೆಷರ್‌ನಲ್ಲಿ ಹೊಡೆಯಬಾರದು, ರೆಕ್ಕೆಗಳು ಮಡಚಿಹೋಗ್ತವೆ. ನೀರು ತಿಳಿಯಾಗಿ ಬರಲು ನಾಲ್ಕು ಸಲ ತೊಳೆಯಬೇಕಾಯ್ತು. ಬ್ರೀದರ್ ಪೈಪಿಗೆ ಒಂದು ಹೋಸ್ ಸೇರಿಸಿ ಬಾಯನ್ನು ಫ್ಯಾನಿನ ಗಾಳಿಗೆ ಸಿಗದ ಹಾಗೆ ಆಚೆ ಇಟ್ಟೆವು. ಖರ್ಚು 60 ಡಾಲರ್, ಒಂದು ಶನಿವಾರ. ಮುಂದಿನ ವಾರ ಸುರಂಗದವರೆಗೂ ಮುಳ್ಳು ತನ್ನ ಜಾಗ ಬಿಡಲಿಲ್ಲ. ಲಾರಿಗಳ ಜೊತೆ ಬಲಗಡೆ ಲೇನಿನಲ್ಲಿ ನಿಧಾನಕ್ಕೇ ಹತ್ತಿದ್ದು, ಆದರೆ ನಿಲ್ಲಿಸದೆ ಹತ್ತಿದ್ದು.

ಇಳಿಯೋದು ಬೇರೆ ಕಥೆ. ಪೆಟ್ರೋಲ್ ಎಂಜಿನ್ ಹಾಗೆ ಡೀಸೆಲ್ ಎಂಜಿನ್ ತಾನಾಗಿ ಗಾಡಿಯನ್ನು ಹಿಡಿಯಲ್ಲ, ಗಾಳಿಯ ದಾರಿಗೆ ಅಡ್ಡ ಬರೋ ಥ್ರಾಟಲ್ ಅದಕ್ಕಿಲ್ಲ. ಹಾಗಾಗಿ ಎಕ್ಸಾಸ್ಟ್ ಬ್ರೇಕ್ ಇಲ್ಲದ ಗಾಡಿಯನ್ನು ನಾನಂತೂ ಗುಡ್ಡಕ್ಕೆ ಒಯ್ಯಲ್ಲ.

ಹಳೇದೆಲ್ಲ ಗಟ್ಟಿ ಅಂತಲೂ ಅಲ್ಲ. ಈ 12 ವಾಲ್ವ್ ಎಂಜಿನ್ನಿನ ಮುಂಭಾಗದಲ್ಲಿ ಒಂದು ಸಣ್ಣ ಉಕ್ಕಿನ ಪಿನ್ ಇದೆ. ಅದುರಿ ಅದುರಿ ಸಡಿಲವಾಗಿ ಟೈಮಿಂಗ್ ಗೇರುಗಳ ನಡುವೆ ಬಿದ್ದರೆ ಭಾರೀ ಖರ್ಚು. ಅದಕ್ಕೇ ಮಾಲೀಕರು ಅದನ್ನು ‘ಕಿಲ್ಲರ್’ ಪಿನ್ ಅಂತಲೇ ಕರೆಯೋದು. ಅದಕ್ಕೆ ಅಡ್ಡ ತಗಡು ಹಾಕಿಸಿದ್ದಾರಾ ಅಂತ ಕೇಳಿ. 1998ರ ನಂತರ ಬಂದ 24 ವಾಲ್ವ್ ಮಾದರಿಯಲ್ಲಿ ಪಂಪು ಎಲೆಕ್ಟ್ರಾನಿಕ್. ಅದಕ್ಕೆ ಡೀಸೆಲ್ ತಲುಪಿಸೋ ಚಿಕ್ಕ ಲಿಫ್ಟ್ ಪಂಪ್ ಸೊರಗಿದರೆ ದೊಡ್ಡ ಪಂಪೂ ಒಣಗಿ ಸಾಯುತ್ತೆ, ಯಾಕಂದ್ರೆ ಅದಕ್ಕೆ ತಂಪೂ ಜಿಡ್ಡೂ ಆ ಡೀಸೆಲ್ಲೇ.

ಇವೆಲ್ಲಕ್ಕಿಂತ ಕೆಟ್ಟದ್ದು ಸುಮ್ಮನೆ ನಿಲ್ಲೋದು. ಟ್ಯಾಂಕಿನೊಳಗೆ ತೇವ ಸೇರಿ, ನೀರೂ ಡೀಸೆಲ್ಲೂ ಕೂಡೋ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಕಪ್ಪು ಲೋಳೆ ಫಿಲ್ಟರ್ ಕಟ್ಟಿಬಿಡುತ್ತೆ. ಓಡಲಿ ಬಿಡಲಿ ವರ್ಷಕ್ಕೊಮ್ಮೆ ಸುಮಾರು 15 ಲೀಟರ್ ಆಯಿಲ್ ಬದಲಾಯಿಸ್ತೀನಿ. ಮೈಲೇಜ್ ಕೇಳಬೇಡಿ ಅನ್ನಬೇಕು, ಆದರೂ ಹೇಳ್ತೀನಿ: ಲೀಟರಿಗೆ ಮೂರೂವರೆ ಕಿಲೋಮೀಟರ್.

ನೀವೂ ಇಂಥದ್ದು ನೋಡೋಕೆ ಹೋದರೆ ಮೀಟರ್ ನೋಡೋ ಮುಂಚೆ ಎಂಜಿನ್ ಮೇಲೆ ಕೈ ಇಡಿ. ನೀವು ಬರೋ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ತಣ್ಣಗಿನ ಎಂಜಿನ್ ಎಷ್ಟು ಒದ್ದಾಡುತ್ತೆ, ಎಷ್ಟು ಹೊಗೆ ಉಗುಳುತ್ತೆ ಅನ್ನೋದು ಗೊತ್ತಾಗಲ್ಲ. ಜಗಳ ಬೇಡ. ಊಟ ಮುಗಿಸಿ ಸಂಜೆ ಬರ್ತೀವಿ, ಅಲ್ಲೀವರೆಗೆ ಕೀಲಿ ತಿರುಗಿಸಬೇಡಿ ಅನ್ನಿ.