ಥ್ರಾಟಲ್ ಸೆನ್ಸರ್: ಬದಲಾಯಿಸುವ ಮುನ್ನ ಅಳೆದು ನೋಡಿ

ಕಾಫಿ ಹಣ್ಣಿನ ಕೊಯ್ಲಿನ ತಿಂಗಳುಗಳಲ್ಲಾಗಲಿ, ಅಡಿಕೆ ಗೊನೆ ಇಳಿಸುವ ದಿನಗಳಲ್ಲಾಗಲಿ ಬೆಳೆಗಾರನ ಮನೆಯ ವಾಹನಕ್ಕೆ ಬಿಡುವು ಎಂಬುದಿಲ್ಲ. ಕೂಲಿಯವರನ್ನು ಕರೆತರುವುದು, ಗೊಬ್ಬರದ ಚೀಲ ತರುವುದು, ಮೂಟೆ ಸಾಗಿಸುವುದು, ರಾತ್ರಿ ವೇಳೆ ಮನೆಯವರನ್ನು ಆಸ್ಪತ್ರೆಗೆ ಒಯ್ಯುವುದು, ಎಲ್ಲಕ್ಕೂ ಅದೇ ಆಧಾರ. ಇಂಥ ಸಮಯದಲ್ಲಿ ಗಾಡಿ ಏರಿನಲ್ಲಿ ಎಳೆಯದೆ ಜರ್ಕು ಹೊಡೆಯತೊಡಗಿದರೆ ಒಂದು ದಿನದ ಕೆಲಸ ಹಾಳಾಗುತ್ತದೆ. ಗ್ಯಾರೇಜಿಗೆ ಹೋದರೆ ಅನೇಕ ವೇಳೆ ಬರುವ ಉತ್ತರ ಒಂದೇ: “ಥ್ರಾಟಲ್ ಸೆನ್ಸರ್ ಹೋಗಿದೆ, ಬದಲಾಯಿಸಬೇಕು.” ಬದಲಾಯಿಸಿದ ಮೇಲೂ ತೊಂದರೆ ಹಾಗೆಯೇ ಉಳಿದರೆ ಹಣವೂ ಹೋಯಿತು, ದಿನವೂ ಹೋಯಿತು.

ಕುದೇರು ಕಡೆಯ ಬಯಲಿನ ತೋಟಗಾರರಿಗೂ ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರರಿಗೂ ಸಮಾನವಾಗಿ ಉಪಯೋಗಕ್ಕೆ ಬರುವಂತೆ ಈ ಸೆನ್ಸರಿನ ಕೆಲಸ, ಅದರ ದೋಷದ ಲಕ್ಷಣ, ಪರೀಕ್ಷೆ ಮತ್ತು ದುರಸ್ತಿಯ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಬೇಕಾದ ಉಪಕರಣ ಒಂದೇ: ಕರೆಂಟು ಕೆಲಸದವರ ಬಳಿ ಇರುವ ಸಾಧಾರಣ ಮಲ್ಟಿಮೀಟರ್.

ಈ ಸೆನ್ಸರ್ ಮಾಡುವ ಕೆಲಸವೇನು?

1983ರ ಕೊನೆಯಲ್ಲಿ ಬಂದ ಮಾರುತಿ 800 ಗಾಡಿಯಲ್ಲಿ ಮೊದಲು ಇದ್ದದ್ದು ಕಾರ್ಬುರೇಟರ್. ಪೆಟ್ರೋಲು ಮತ್ತು ಗಾಳಿಯ ಬೆರಕೆಯನ್ನು ಅದೇ ನೋಡಿಕೊಳ್ಳುತ್ತಿತ್ತು. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಾಗ ಅದೇ ಗಾಡಿಗೆ ಇಂಜೆಕ್ಷನ್ ವ್ಯವಸ್ಥೆ ಬಂತು. ಅಂದಿನಿಂದ ಪೆಟ್ರೋಲು ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಗಾಡಿಯೊಳಗಿನ ಕಂಪ್ಯೂಟರ್. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮ ದೇಶಾದ್ಯಂತ ಜಾರಿಗೆ ಬಂದ ಮೇಲೆ ಸ್ಕೂಟರ್, ಮೋಟಾರ್ ಸೈಕಲ್‌ಗಳಿಗೂ ಇಂಜೆಕ್ಷನ್ ಬಂದಿದೆ. ಆದ್ದರಿಂದ ಕಾರು ಇಲ್ಲದವರೂ ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಕೆರೆಯ ತೂಬನ್ನು ನೆನಪಿಗೆ ತಂದುಕೊಳ್ಳಿ. ತೂಬು ಎಷ್ಟು ಎತ್ತಿದೆ ಎಂಬುದು ತಿಳಿಯದಿದ್ದರೆ ಕಾಲುವೆಯ ಕೊನೆಯ ಗದ್ದೆಗೆ ನೀರು ಎಷ್ಟು ಬರುವುದೆಂದು ಹೇಳಲಾಗದು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿಯೂ ಇಂಥದೊಂದು ಬಾಗಿಲು ಉಂಟು. ಅದು ದುಂಡನೆಯ ತಟ್ಟೆ. ಅದಿರುವ ಭಾಗಕ್ಕೆ ಥ್ರಾಟಲ್ ಬಾಡಿ ಎನ್ನುತ್ತಾರೆ. ಆಕ್ಸಿಲರೇಟರ್ ತುಳಿದಂತೆ ತಟ್ಟೆ ತೆರೆಯುತ್ತದೆ. ತಟ್ಟೆ ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ವರದಿ ಕೊಡುವ ನೀರುಗಂಟಿಯೇ ಥ್ರಾಟಲ್ ಪೊಸಿಷನ್ ಸೆನ್ಸರ್. ನೀರುಗಂಟಿ ಸುಳ್ಳು ಹೇಳಿದರೆ ಗದ್ದೆ ಒಣಗುತ್ತದೆ, ಇಲ್ಲವೆ ಕೊಚ್ಚಿಹೋಗುತ್ತದೆ. ಇಲ್ಲಿಯೂ ಹಾಗೆಯೇ.

ಹಳೆಯ ಬಗೆಯ ಸೆನ್ಸರಿಗೆ ಸಾಮಾನ್ಯವಾಗಿ ಮೂರು ತಂತಿ. ಒಂದರಲ್ಲಿ ಕಂಪ್ಯೂಟರ್ 5 ವೋಲ್ಟ್ ಕಳಿಸುತ್ತದೆ. ಇನ್ನೊಂದು ಅರ್ತ್. ಮೂರನೆಯದು ವರದಿ ತರುವ ತಂತಿ. ಇದಕ್ಕೆ ಸಿಗ್ನಲ್ ಎನ್ನುತ್ತಾರೆ. ಒಳಗೆ ಕಾರ್ಬನ್ ಲೇಪಿಸಿದ ಪಟ್ಟಿಯ ಮೇಲೆ ಸಣ್ಣ ಲೋಹದ ಕೈ ಜಾರುತ್ತದೆ. ಹಳೆಯ ರೇಡಿಯೋದಲ್ಲಿ ಧ್ವನಿ ಹೆಚ್ಚು ಕಡಿಮೆ ಮಾಡುವ ಗುಂಡಿಯ ಒಳಗೂ ಇದೇ ಏರ್ಪಾಡು. ವರ್ಷಗಳು ಕಳೆದಂತೆ ಆ ಗುಂಡಿ ತಿರುಗಿಸಿದಾಗ ಒಂದು ಜಾಗದಲ್ಲಿ ಕರಕರ ಸದ್ದು ಬರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಪಟ್ಟಿ ಆ ಜಾಗದಲ್ಲಿ ಸವೆದಿರುವುದೇ ಅದಕ್ಕೆ ಕಾರಣ. ಕಾರಿನಲ್ಲಿ ಪಟ್ಟಿ ಸವೆದರೆ ಸದ್ದಿನ ಬದಲು ಗಾಡಿ ಜರ್ಕು ಹೊಡೆಯುತ್ತದೆ. ಹೊಸ ಗಾಡಿಗಳಲ್ಲಿ ಅನೇಕ ಕಡೆ ಒಂದಕ್ಕೊಂದು ತಾಗದೆ ಆಯಸ್ಕಾಂತದಿಂದ ಅಳೆಯುವ ಸೆನ್ಸರ್ ಇರುತ್ತದೆ. ಅದರಲ್ಲಿ ಈ ಸವೆತವಿಲ್ಲ; ಆದರೆ ತಂತಿ, ಪ್ಲಗ್ಗುಗಳ ತೊಂದರೆ ಅದಕ್ಕೂ ತಪ್ಪಿದ್ದಲ್ಲ.

ದೋಷದ ಲಕ್ಷಣಗಳು

1. ನಿಂತ ಗಾಡಿಯಲ್ಲಿ ಎಂಜಿನ್ ವೇಗ ತಾನಾಗಿ ಏರುವುದು, ಇಳಿಯುವುದು, ಕೆಲವೊಮ್ಮೆ ಆರಿಹೋಗುವುದು.
2. ಆಕ್ಸಿಲರೇಟರ್ ಮೆಲ್ಲಗೆ ತುಳಿಯುವಾಗ ಒಂದೇ ಜಾಗದಲ್ಲಿ ತಡವರಿಸಿ, ದಾಟಿದ ಮೇಲೆ ಸರಿಯಾಗಿ ಎಳೆಯುವುದು.
3. ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡೇ ಇರುವುದು.
4. ಎಷ್ಟು ತುಳಿದರೂ ವೇಗ ಏರದಿರುವುದು. ಎಂಜಿನ್ನನ್ನು ಕಾಪಾಡಲು ಕಂಪ್ಯೂಟರೇ ಹೀಗೆ ಬಿಗಿ ಹಿಡಿಯುತ್ತದೆ.
5. ಪೆಟ್ರೋಲು ಹೆಚ್ಚು ಕುಡಿಯುವುದು.

ಆದರೆ ಒಂದು ಮಾತು ಇಲ್ಲಿ ಮುಖ್ಯ. ಗಾಳಿಯ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೂ, ಸ್ಪಾರ್ಕ್ ಪ್ಲಗ್ ಹಳೆಯದಾಗಿದ್ದರೂ, ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೂ, ಪೆಟ್ರೋಲ್ ಪಂಪು ಸೋತಿದ್ದರೂ ಇವೇ ಲಕ್ಷಣಗಳು ಕಾಣಿಸುತ್ತವೆ. ಎಲೆ ಹಳದಿಯಾದ ಮಾತ್ರಕ್ಕೆ ಸಾರಜನಕದ ಕೊರತೆಯೆಂದು ಯೂರಿಯಾ ಸುರಿಯುವವರಲ್ಲ ನಾವು. ಬೇರು ಕೊಳೆತಿದೆಯೋ, ನೀರು ನಿಂತಿದೆಯೋ ನೋಡುತ್ತೇವೆ. ಗಾಡಿಗೂ ಅದೇ ನ್ಯಾಯ.

ಮೊದಲ ಹಂತ: ಕಣ್ಣಿನ ಪರೀಕ್ಷೆ

ಎಂಜಿನ್ ತಣ್ಣಗಾದ ಮೇಲೆ ಬಾನೆಟ್ಟು ತೆಗೆದು ಥ್ರಾಟಲ್ ಬಾಡಿಗೆ ಬರುವ ತಂತಿಗಳನ್ನು ಉದ್ದಕ್ಕೂ ನೋಡಬೇಕು. ಕಾಫಿ, ಅಡಿಕೆ ಮೂಟೆಗಳಿರುವ ಕೊಟ್ಟಿಗೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ಇದನ್ನು ವಿಶೇಷವಾಗಿ ನೋಡತಕ್ಕದ್ದು. ಮೂಟೆಗೆ ಬಂದ ಇಲಿ ಬೆಚ್ಚಗಿನ ಎಂಜಿನ್ನಿನೊಳಗೆ ಸೇರಿ ತಂತಿ ಕಡಿಯುವುದುಂಟು. ಅನಂತರ ಕೀಲಿ ಬಂದ್ ಮಾಡಿ ಸೆನ್ಸರಿನ ಪ್ಲಗ್ ಬಿಚ್ಚಿ, ಒಳಗಿನ ಪಿನ್ನುಗಳಲ್ಲಿ ಹಸಿರು ಕಿಲುಬು, ನೀರು ಅಥವಾ ಮಣ್ಣು ಇದೆಯೇ, ಯಾವುದಾದರೂ ಪಿನ್ನು ಬಾಗಿದೆಯೇ ನೋಡಬೇಕು. ಮಳೆಗಾಲ ಕಳೆದ ಮೇಲೆ ಬೆಟ್ಟದ ಗಾಡಿಗಳಲ್ಲಿ ಕಿಲುಬನ್ನು ತಪ್ಪದೆ ಹುಡುಕಬೇಕು. ಗಾಳಿಯ ಫಿಲ್ಟರನ್ನೂ ಇದೇ ಸಮಯದಲ್ಲಿ ನೋಡಿಬಿಡಿ.

ಎರಡನೆಯ ಹಂತ: ದೋಷದ ಸಂಖ್ಯೆ ಓದುವುದು

2013ರ ಈಚಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಕಂಪ್ಯೂಟರ್ ಬರೆದಿಟ್ಟ ಸಂಖ್ಯೆ ಕಾಣುತ್ತದೆ. ಥ್ರಾಟಲ್ ಸೆನ್ಸರಿಗೆ ಸಂಬಂಧಿಸಿದವು ಇವು:

ಪಿ 0121: ವರದಿ ಇದೆ, ಆದರೆ ಉಳಿದ ಸೆನ್ಸರುಗಳ ಲೆಕ್ಕಕ್ಕೆ ಹೊಂದುವುದಿಲ್ಲ.
ಪಿ 0122: ಸಿಗ್ನಲಿನ ವೋಲ್ಟೇಜು ತೀರ ಕಡಿಮೆ.
ಪಿ 0123: ಸಿಗ್ನಲಿನ ವೋಲ್ಟೇಜು ತೀರ ಹೆಚ್ಚು.
ಪಿ 0124: ಆಗಾಗ ಬಂದು ಹೋಗುವ ದೋಷ.
ಪಿ 2135: ಎರಡು ಸಿಗ್ನಲ್ ಇರುವ ಗಾಡಿಯಲ್ಲಿ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಈ ಸಂಖ್ಯೆ ತೋರಿಸುವುದು ದೋಷವಿರುವ ದಾರಿಯನ್ನು, ಕೆಟ್ಟ ಭಾಗವನ್ನಲ್ಲ. ಉದಾಹರಣೆಗೆ, 0122 ಬಂದರೆ 5 ವೋಲ್ಟಿನ ತಂತಿ ತುಂಡಾಗಿರಬಹುದು, ಸಿಗ್ನಲ್ ತಂತಿ ಬಾಡಿಗೆ ತಾಗುತ್ತಿರಬಹುದು, ಸೆನ್ಸರೇ ಕೆಟ್ಟಿರಬಹುದು. 0123 ಬಂದರೆ ಅರ್ತ್ ತಂತಿ ಕಡಿದಿರುವ ಸಂಭವವೂ ಉಂಟು. ಸಂಖ್ಯೆ ನೋಡಿದ ಕೂಡಲೆ ಸೆನ್ಸರ್ ಕೊಳ್ಳಲು ಹೊರಡುವುದು ಸರಿಯಲ್ಲ.

ಮೂರನೆಯ ಹಂತ: ಮೀಟರಿನ ಪರೀಕ್ಷೆ

ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು. ಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಡಬೇಕು. ಯಾವ ಬಣ್ಣದ ತಂತಿ ಯಾವುದೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಸರ್ವೀಸ್ ಪುಸ್ತಕ ನೋಡಿ ತಿಳಿಯತಕ್ಕದ್ದು. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಈ ತಂತಿಗಳಿಗೆ ಹಚ್ಚಬಾರದು. ಬ್ಯಾಟರಿಯ 12 ವೋಲ್ಟನ್ನು ಸೋಕಿಸಲೇಬಾರದು. ಸೋಕಿಸಿದರೆ ಕಂಪ್ಯೂಟರಿಗೇ ಅಪಾಯ.

(ಅ) ಪ್ಲಗ್ ಬಿಚ್ಚಿ, ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಪ್ಲಗ್ಗಿನ 5 ವೋಲ್ಟಿನ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಅಳೆಯಿರಿ. ಸುಮಾರು 5 ವೋಲ್ಟ್ ಬರಬೇಕು. ಬಾರದಿದ್ದರೆ ತೊಂದರೆ ತಂತಿಯಲ್ಲಿ ಅಥವಾ ಅದರಾಚೆಗೆ. ಎಷ್ಟು ಹೊಸ ಸೆನ್ಸರ್ ಹಾಕಿದರೂ ಪ್ರಯೋಜನವಿಲ್ಲ.

(ಆ) ಕೀಲಿ ಬಂದ್ ಮಾಡಿ ಪ್ಲಗ್ ಸಿಕ್ಕಿಸಿ, ಮತ್ತೆ ಕೀಲಿ ತಿರುಗಿಸಿ. ಪ್ಲಗ್ಗಿನ ಹಿಂಬದಿಯಿಂದ ಸಣ್ಣ ಗುಂಡುಸೂಜಿ ತೂರಿಸಿ ಅರ್ತ್ ತಂತಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ಇರಬೇಕು; 0.1 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ತ್ ಸರಿಯಿಲ್ಲ. ತಂತಿಯ ಸಿಪ್ಪೆ ಚುಚ್ಚಿ ಅಳೆಯಬಾರದು, ಆ ತೂತಿನಲ್ಲಿ ಮುಂದೆ ನೀರು ಇಳಿಯುತ್ತದೆ.

(ಇ) ಈಗ ಸಿಗ್ನಲ್ ತಂತಿ. ಕಾಲು ತೆಗೆದಿರುವಾಗ ಸಾಮಾನ್ಯವಾಗಿ 0.4ರಿಂದ 0.9 ವೋಲ್ಟ್, ಪೂರ್ತಿ ತುಳಿದಾಗ 4ರಿಂದ 4.5 ವೋಲ್ಟ್ ಇರುತ್ತದೆ. ನಿಮ್ಮ ಗಾಡಿಯ ನಿಖರ ಅಂಕಿ ಸರ್ವೀಸ್ ಪುಸ್ತಕದಲ್ಲಿರುತ್ತದೆ. ಒಬ್ಬರು ಆಕ್ಸಿಲರೇಟರನ್ನು ಬಹಳ ನಿಧಾನವಾಗಿ ತುಳಿಯಲಿ, ಇನ್ನೊಬ್ಬರು ಮೀಟರ್ ನೋಡಲಿ. ಅಂಕಿ ಎಲ್ಲಿಯೂ ಬೀಳದೆ ಏರುತ್ತಾ ಹೋಗಬೇಕು. 0.5, 0.9, 1.4 ಎಂದು ಏರುತ್ತಿದ್ದದ್ದು ಫಕ್ಕನೆ 0.2ಕ್ಕೆ ಬಿದ್ದು ಮತ್ತೆ 1.8ಕ್ಕೆ ಹಾರಿದರೆ ಪಟ್ಟಿ ಆ ಜಾಗದಲ್ಲಿ ಸವೆದಿದೆ ಎಂದು ಅರ್ಥ. ಇದಕ್ಕೆ ಹಳೆಯ ಮುಳ್ಳಿನ ಮೀಟರ್ ಇನ್ನೂ ಅನುಕೂಲ. ಅಂಕಿ ಓದುವಷ್ಟು ಹೊತ್ತು ನಿಲ್ಲದ ಕುಸಿತವನ್ನೂ ಮುಳ್ಳು ನಡುಗಿ ತೋರಿಸುತ್ತದೆ.

(ಈ) ಕೊನೆಗೆ ಕಾಲು ಅಲುಗಿಸದೆ ತಂತಿಯನ್ನು ಮಾತ್ರ ಮೆಲ್ಲಗೆ ಅಲುಗಿಸಿ. ಅಂಕಿ ಕುಣಿದರೆ ತಪ್ಪು ಸೆನ್ಸರಿನದಲ್ಲ, ತಂತಿಯದು ಅಥವಾ ಪ್ಲಗ್ಗಿನದು. ಎಂಜಿನ್ ಬಿಸಿಯಾದಾಗ ಮಾತ್ರ ತೊಂದರೆ ಬರುವುದಾದರೆ ಪರೀಕ್ಷೆಯನ್ನೂ ಎಂಜಿನ್ ಬಿಸಿ ಮಾಡಿ ಆರಿಸಿದ ಮೇಲೆಯೇ ಮಾಡಬೇಕು.

ಕೇಬಲ್ ಇಲ್ಲದೆ ಮೋಟಾರಿನಿಂದ ತಟ್ಟೆ ತೆರೆಯುವ ಗಾಡಿಗಳೂ ಈಗ ಬಹಳವಿವೆ. ಅವುಗಳಲ್ಲಿ ಎರಡು ಸಿಗ್ನಲ್ ಇರುತ್ತವೆ. ಕೆಲವದರಲ್ಲಿ ಒಂದು ಏರಿದಂತೆ ಇನ್ನೊಂದು ಇಳಿಯುವುದೇ ಸರಿಯಾದ ಕ್ರಮ. ಕೀಲಿ ತಿರುಗಿಸಿರುವಾಗ ಆ ತಟ್ಟೆಗೆ ಬೆರಳು ಹಾಕಬಾರದು. ಮೋಟಾರು ತಟ್ಟೆಯನ್ನು ಎಳೆದರೆ ಬೆರಳು ಕತ್ತರಿಸೀತು.

ದುರಸ್ತಿ

ಕಿಲುಬು ಹಿಡಿದ ಪಿನ್ನುಗಳನ್ನು ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಿಸಬೇಕು, ಸೀಮೆಎಣ್ಣೆ ಬೇಡ. ಕಡಿದ ತಂತಿಗೆ ಬೆಸುಗೆ ಹಾಕಿ ಸ್ಲೀವ್ ಹೊದಿಸಬೇಕು. ಹೊಸೆದು ಟೇಪು ಸುತ್ತಿದ್ದು ಒಂದು ಮಳೆಗಾಲ ಬಾಳುವುದಿಲ್ಲ. ಅರ್ತ್ ಬೋಲ್ಟನ್ನು ಬಿಚ್ಚಿ, ಉಜ್ಜುಕಾಗದದಿಂದ ತಿಕ್ಕಿ, ಬಿಗಿಯಾಗಿ ಕೂಡಿಸಬೇಕು. ತಟ್ಟೆಯ ಅಂಚಿನಲ್ಲಿ ಮಸಿ ಕಟ್ಟಿದ್ದರೆ ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಬೇಕು. ಸೆನ್ಸರಿನ ಮೇಲೆ ಸಿಂಪಡಿಸಬಾರದು.

ಸೆನ್ಸರೇ ಕೆಟ್ಟಿದೆಯೆಂದು ಮೀಟರ್ ಹೇಳಿದರೆ ಮಾತ್ರ ಹೊಸದು ತರುವುದು. ಹಳೆಯದರ ಮೇಲಿನ ಪಾರ್ಟ್ ನಂಬರನ್ನು ತಾಳೆ ನೋಡಿಯೇ ಕೊಳ್ಳಬೇಕು. ಹಳೆಯ ಬಗೆಯದಾದರೆ ಸಾಮಾನ್ಯವಾಗಿ ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಸ್ಕ್ರೂವಿನ ತೂತು ಉದ್ದವಾಗಿದ್ದರೆ ಸೆನ್ಸರನ್ನು ತಿರುಗಿಸಿ, ಕಾಲು ತೆಗೆದಾಗಿನ ವೋಲ್ಟೇಜು ಸರ್ವೀಸ್ ಪುಸ್ತಕದ ಅಂಕಿಗೆ ಬಂದ ಮೇಲೆ ಬಿಗಿಯಬೇಕು. ಮೋಟಾರಿನ ಬಗೆಯಲ್ಲಿ ಸೆನ್ಸರ್ ಒಳಗೇ ಅಡಕವಾಗಿರುವುದರಿಂದ ಅನೇಕ ಗಾಡಿಗಳಲ್ಲಿ ಇಡೀ ಥ್ರಾಟಲ್ ಬಾಡಿಯನ್ನೇ ಬದಲಾಯಿಸಬೇಕಾಗುತ್ತದೆ. ಖರ್ಚು ದೊಡ್ಡದು, ಆದ್ದರಿಂದ ಅಳತೆಯ ಅಗತ್ಯವೂ ಹೆಚ್ಚು. ಬದಲಾಯಿಸಿದ ಮೇಲೆ ತಟ್ಟೆ ಮುಚ್ಚಿದ ಜಾಗ ಯಾವುದೆಂದು ಕಂಪ್ಯೂಟರಿಗೆ ಸ್ಕ್ಯಾನರಿನಿಂದ ಹೊಸದಾಗಿ ಕಲಿಸಬೇಕಾಗಬಹುದು. ಕೊನೆಯಲ್ಲಿ ದೋಷದ ಸಂಖ್ಯೆ ಅಳಿಸಿ, ಒಂದು ಏರುದಾರಿಯಲ್ಲಿ ಓಡಿಸಿ ನೋಡಬೇಕು. ಎಂಜಿನ್ ಆರದಿರಲೆಂದು ತಟ್ಟೆಯ ತಡೆ ಸ್ಕ್ರೂವನ್ನು ತಿರುಗಿಸುವ ಅಭ್ಯಾಸ ಮಾತ್ರ ಬೇಡ. ಅದು ರೋಗ ಮುಚ್ಚಿ ಲೆಕ್ಕ ಕೆಡಿಸುವ ಕೆಲಸ.

ಡೀಸೆಲ್ ಗಾಡಿಯವರಿಗೆ

ಕಂಪ್ಯೂಟರ್ ಇರುವ ಡೀಸೆಲ್ ಪಿಕಪ್ ಮತ್ತು ಜೀಪುಗಳಲ್ಲಿ ಚಾಲಕ ಎಷ್ಟು ತುಳಿದನೆಂದು ಹೇಳುವುದು ಪೆಡಲಿನ ಬಳಿಯ ಸೆನ್ಸರ್. ಇದಕ್ಕೂ ಎರಡು ಸಿಗ್ನಲ್. ಅನೇಕ ಗಾಡಿಗಳಲ್ಲಿ ಒಂದು ಇನ್ನೊಂದರ ಎರಡರಷ್ಟಿರುತ್ತದೆ. ಎರಡೂ ತಾಳೆಯಾಗದಿದ್ದರೆ ಬರುವ ಸಂಖ್ಯೆ ಪಿ 2138. ಅಳೆಯುವ ರೀತಿ ಮೇಲಿನದೇ. ಕಾಲಿನ ಮಣ್ಣು, ನೀರು ಈ ಪ್ಲಗ್ಗಿಗೆ ಸೇರದಂತೆ ನೋಡಿಕೊಳ್ಳಿ.

ದಾರಿಯಲ್ಲಿ ತೊಂದರೆಯಾದರೆ

ವೇಗ ಕುಸಿದರೆ ಗಾಬರಿಯಾಗದೆ ಇಂಡಿಕೇಟರ್ ಹಾಕಿ ಎಡಕ್ಕೆ ನಿಲ್ಲಿಸಿ, ಕೀಲಿ ಬಂದ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಚಾಲೂ ಮಾಡಿ. ಅನೇಕ ವೇಳೆ ಗಾಡಿ ಮನೆ ಸೇರುವಷ್ಟು ಓಡುತ್ತದೆ. ಆದರೆ ಅದು ವಾಸಿಯಾದಂತಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ವಯನಾಡಿಗೋ ಊಟಿಗೋ ಹೋಗುವವರು ಈ ಲಕ್ಷಣ ಕಂಡ ಗಾಡಿಯನ್ನು ಮದ್ದೂರು ಅಥವಾ ಮೇಲುಕಾಮನಹಳ್ಳಿ ತನಿಖಾ ಠಾಣೆ ದಾಟಿಸಬಾರದು. ಒಳಗೆ ಆನೆ ಓಡಾಡುವ ಕಾಡು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಸಂಜೆ ಕೆಟ್ಟು ನಿಂತರೆ ಸಹಾಯ ಸಿಗುವುದೂ ಕಷ್ಟ. ಬಿಳಿಗಿರಿರಂಗನ ಬೆಟ್ಟದ ದಾರಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಸದಸ್ಯರಲ್ಲಿ ನಮ್ಮ ಸಲಹೆ ಇಷ್ಟೆ. ಅಕ್ಕಪಕ್ಕದ ಹತ್ತು ಮನೆಯವರು ಸೇರಿ ಒಂದು ಮೀಟರ್ ಇಟ್ಟುಕೊಳ್ಳಿ. ಪಂಪ್‌ಸೆಟ್ಟಿನ ಕೆಲಸಕ್ಕೂ ಅದು ಬರುತ್ತದೆ. ಗಾಡಿ ಚೆನ್ನಾಗಿರುವಾಗಲೇ ಮೇಲಿನ ಅಂಕಿಗಳನ್ನು ಅಳೆದು ಗಾಡಿಯ ಪುಸ್ತಕದ ಹಿಂದೆ ಬರೆದಿಡಿ. ಮೆಕ್ಯಾನಿಕ್ ಹೊಸ ಭಾಗ ಬೇಕೆಂದಾಗ “ಅಣ್ಣ, ಅಳೆದಾಗ ಎಷ್ಟು ವೋಲ್ಟ್ ಬಂತು?” ಎಂದು ಸಮಾಧಾನವಾಗಿ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೆಲಸ ಬಲ್ಲವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.